ಅವ್ವನ ಕಾಲು ಆರಿಸಿದ ಕಲ್ಲು

ಮಂಡ್ಯದಲ್ಲಿ ನಮ್ಮ ಮನೆಯ ಹಿಂಬಾಗಿಲಿನಿಂದ ಬಾವಿಯವರೆಗೆ ಒಂದು ಕಲ್ಲಿನ ದಾರಿ ಇತ್ತು. ಅದನ್ನು ನೆನೆದರೆ ನನಗೆ ಈ ವಯಸ್ಸಿನಲ್ಲೂ ಎದೆ ಉಬ್ಬುತ್ತದೆ. ನೋಡಲು ಬಂದವರಿಗೆಲ್ಲ ಅದರ ಕತೆ ಹೇಳಿದ್ದೇನೆ, ಆದರೆ ಅರ್ಧ ಮಾತ್ರ. ಉಳಿದರ್ಧವನ್ನು ಇಲ್ಲಿ ಬರೆಯುತ್ತೇನೆ.

ನಾಲೆಯ ನೀರು ಬಂದು, ಸಕ್ಕರೆ ಕಾರ್ಖಾನೆಯ ಚಿಮಣಿ ಹೊಗೆಯಾಡತೊಡಗಿ, ಮಂಡ್ಯ ದಿನಕ್ಕೊಂದು ಗೋಡೆ ಏಳುತ್ತ ಬೆಳೆಯುತ್ತಿದ್ದ ಕಾಲ ಅದು. ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಏರಿಸುವುದಕ್ಕೆ ಇನ್ನೂ ಒಂದೆರಡು ವರ್ಷವಿತ್ತು. ಹೈಸ್ಕೂಲು ಮುಗಿಸಿದ್ದ ನಾನು ನೀರಾವರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಹೊಸದಾಗಿ ಎದ್ದ ಆರು ಹೆಂಚಿನ ಮನೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಕೊನೆಯದಾದ್ದರಿಂದ ಹಿತ್ತಲು ದೊಡ್ಡದು. ಅಲ್ಲಿ ಒಂದು ಬಾವಿ, ಬಾವಿಯ ಪಕ್ಕದಲ್ಲಿ ಹಸು ಕಟ್ಟುವ ಚಪ್ಪರ, ನಡುವೆ ನಾಲ್ಕು ಬಾಳೆ, ಎರಡು ದಾಸವಾಳ, ಮಲ್ಲಿಗೆ ಬಳ್ಳಿ.

ಅವ್ವ ಕಿರುಗಾವಲಿನಲ್ಲಿ ಅಣ್ಣನ ಜೊತೆ ಇದ್ದಳು. ಕಣ್ಣಿಗೆ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣದಂತಾದ ಮೇಲೆ ಅತ್ತಿಗೆ ಅವಳನ್ನು ಜಗಲಿಯಿಂದ ಕೆಳಗಿಳಿಯಲು ಬಿಡಲಿಲ್ಲ. ಅತ್ತಿಗೆಯದು ಅಕ್ಕರೆಯೇ. ಆದರೆ ಅವ್ವನಿಗೆ ಅದು ಸೆರೆಯಾಯಿತು. ಒಂದು ದಿನ ಊರಿನವರ ಗಾಡಿ ಹತ್ತಿ ನಮ್ಮ ಮನೆಗೆ ಬಂದುಬಿಟ್ಟಳು. ಬಾಗಿಲಲ್ಲಿ ನಿಂತೇ ತನ್ನ ಕರಾರು ಹೇಳಿದಳು.

“ಕುಂಡ್ರಿಸಿ ಅನ್ನ ಹಾಕ್ತಾರೆ ಕಣ್ಲಾ, ನಾನೇನು ಬೊಂಬೆನಾ? ಬಾವಿ ತಾವ್ಕೂ ಅಸ ಕಟ್ಟೋ ತಾವ್ಕೂ ನಾನೇ ಓಗಿ ಬರೋ ಅಂಗಿದ್ರೆ ಇಲ್ಲಿರ್ತೀನಿ. ಕೈ ಇಡ್ಕೊಂಡು ನಡಸೋ ಅಂಗಾದ್ರೆ ಇಲ್ಲೂ ಒಂದೇ, ಅಲ್ಲೂ ಒಂದೇ. ಊರ್ಗೇ ಓಯ್ತೀನಿ.”

ಬಾಗಿಲಿನಿಂದ ಬಾವಿಗೆ ನಲವತ್ತು ಹೆಜ್ಜೆ. ಕೆಂಪು ಮಣ್ಣು. ನಾಲ್ಕು ಹನಿ ಬಿದ್ದರೆ ಕಾಲಿಗೆ ಅಂಟಿ ಹಿಂದಕ್ಕೆ ಎಳೆಯುತ್ತಿತ್ತು. ಕಲ್ಲು ಹಾಸುವುದೆಂದು ತೀರ್ಮಾನಿಸಿದೆ.

ಮದ್ದೂರಿನಿಂದಾಚೆ ಸೋಮನಹಳ್ಳಿ ಕಡೆಯ ಬಂಡೆಯಿಂದ ಒಬ್ಬ ಕಲ್ಲುಕುಟಿಗ ನಮ್ಮ ಸಾಲಿನ ಮನೆಗಳಿಗೆ ಚಪ್ಪಡಿ ತಂದು ಹಾಕುತ್ತಿದ್ದ. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವನು, ಮಾತು ಕಡಿಮೆ. ಕಲ್ಲಿನ ಮೇಲೆ ಒಂದು ಚೊಂಬು ನೀರು ಚೆಲ್ಲಿ, ಅದು ಹೇಗೆ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಷ್ಟು ಹೊತ್ತಿಗೆ ಆರುತ್ತದೆ ಎಂದು ನೋಡುತ್ತ ಕೂರುತ್ತಿದ್ದ. ಅವನು ನನಗಾಗಿ ತಂದು ತೋರಿಸಿದ್ದು ಬೂದು ಬಣ್ಣದ, ಮೈತುಂಬ ಉಳಿಯ ಗುರುತಿದ್ದ ಕಲ್ಲು. ನನಗೆ ಅದು ಹಿಡಿಸಲಿಲ್ಲ. ನಮ್ಮ ಎಂಜಿನಿಯರರ ಬಂಗಲೆಯ ಮುಂದೆ ಮುಖ ಕಾಣುವಷ್ಟು ನಯವಾದ ಕರಿಯ ಕಲ್ಲು ಹಾಸಿದ್ದರು. ಪ್ರತಿ ಸಲ ಫೈಲು ಹಿಡಿದು ಹೋದಾಗಲೂ ಅದರ ಮೇಲೆ ನಿಂತು ಆಸೆಪಟ್ಟಿದ್ದೆ. ಅಂಥದೇ ಬೇಕು, ಮರಳು ಹಾಕಿ ಉಜ್ಜಿಕೊಡು, ಉಳಿಯ ಗುರುತು ಒಂದೂ ಕಾಣಬಾರದು ಎಂದೆ.

“ಇವು ಓಡಾಡೋ ಕಲ್ಲು ಬುದ್ಧಿ, ಕುಂತ್ಕಳೋ ಕಲ್ಲಲ್ಲ,” ಅಂದ ಅವನು. “ಉಳಿ ಗುರ್ತಿದ್ರೇ ಕಾಲು ನಿಲ್ಲೋದು.”

ನಾನು ನಿನ್ನ ಸಲಹೆ ಕೇಳಿಲ್ಲ, ಹೇಳಿದಷ್ಟು ಮಾಡು ಎಂದೆ. ಅವನು ಉಜ್ಜಿಕೊಟ್ಟ. ದಾರ ಹಿಡಿದು ನೆಟ್ಟಗೆ ಹಾಕಿಸಿದೆ. ಕಚೇರಿಯವರು ಭಾನುವಾರ ಬಂದು ನೋಡಿ, ಗುಮಾಸ್ತನ ಹಿತ್ತಲೋ ಸಾಹೇಬರ ಹಿತ್ತಲೋ ಎಂದು ತಮಾಷೆ ಮಾಡಿದರು. ಆ ತಮಾಷೆ ನನಗೆ ತುಪ್ಪದಂತೆ ಇಳಿಯಿತು.

ಮುಂಗಾರಿನ ಮೊದಲ ವಾರದಲ್ಲೇ ಅವ್ವ ಬಿದ್ದಳು. ಬೆಳಗಿನ ತುಂತುರು, ಕಲ್ಲಿನ ಮೇಲೆ ತೆಳ್ಳಗೆ ನೀರು, ಐದನೆಯ ಚಪ್ಪಡಿಯ ಮೇಲೆ ಕಾಲು ಜಾರಿ ಎಡಗೈಯ ಮಣಿಕಟ್ಟು ಮುರಿಯಿತು. ಮೂಳೆ ಕಟ್ಟುವವನು ಬಿದಿರಿನ ದಬ್ಬೆ ಇಟ್ಟು ಕಟ್ಟಿ, ಒಂದೂವರೆ ತಿಂಗಳು ಅಲ್ಲಾಡಿಸಬೇಡಿ ಎಂದ. ಸುದ್ದಿ ತಿಳಿದು ಅಣ್ಣ ಬಂದ. ಸಾಲಿನ ಮನೆಯವರೆಲ್ಲ ಹಿತ್ತಲಿನಲ್ಲಿ ಸೇರಿದರು. ಇಷ್ಟು ನುಣ್ಣನೆಯ ಕಲ್ಲನ್ನು ಕಣ್ಣು ಕಾಣದವಳ ಕಾಲಿಗೆ ಹಾಕಿದ್ದು ಯಾರು ಎಂದು ಅಣ್ಣ ಎಲ್ಲರ ಎದುರಿಗೇ ಕೇಳಿದ.

ನಾನು ಕಲ್ಲುಕುಟಿಗನ ಹೆಸರು ಹೇಳಿದೆ. ಒರಟು ಕಲ್ಲು ತಾ ಎಂದಿದ್ದೆ, ಅವನು ಬಂಡೆಯಲ್ಲಿ ಮಿಕ್ಕಿದ್ದ ಉಜ್ಜಿದ ಕಲ್ಲನ್ನು ತಂದು ಮೋಸ ಮಾಡಿದ ಎಂದೆ. ಮಾತು ಹೇಗೆ ಬಾಯಿಗೆ ಬಂತೋ ತಿಳಿಯದು, ಆದರೆ ಬಂದ ಮೇಲೆ ತಡೆಯಲೂ ಇಲ್ಲ. ಎರಡನೆಯ ಮನೆಗೆ ಮೆಟ್ಟಿಲುಕಲ್ಲು ಇಳಿಸಲು ಬಂದಿದ್ದ ಅವನು ಬೇಲಿಯಾಚೆ ನಿಂತಿದ್ದ. ನಾನು ಹೇಳಿದ್ದು ಅವನಿಗೆ ಕೇಳಿತು. ನನ್ನನ್ನು ಒಂದು ಸಲ ನೋಡಿದ, ಸುತ್ತಿಗೆ ಉಳಿಗಳನ್ನು ಗೋಣಿಗೆ ಹಾಕಿಕೊಂಡು ಗಾಡಿ ಹತ್ತಿದ. ಅವನಿಗೆ ಕೆಲಸ ಒಪ್ಪಿಸಿದ್ದ ಮೂರು ಮನೆಯವರು ಅಂದೇ ಬೇಡವೆಂದರು.

ಕೈ ಕೂಡಿಕೊಂಡ ಕೂಡಲೇ ಅವ್ವನನ್ನು ಊರಿಗೆ ಕರೆದೊಯ್ಯುವುದಾಗಿ ಹೇಳಿ ಅಣ್ಣ ಹೊರಟ.

ಎಲ್ಲರೂ ಹೋದ ಮೇಲೆ ಅವ್ವ ನನ್ನನ್ನು ಕರೆದಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳ ದನಿ ಮೆಲ್ಲಗಿತ್ತು.

“ಉಜ್ಜು ಅಂತ ನೀನು ಏಳ್ದಾಗ ನಾನು ಬಾಗ್ಲಲ್ಲೇ ಕುಂತಿದ್ದೆ. ಕಣ್ಣು ಓಗ್ಯದೆ ಕಣ್ಲಾ, ಕಿವಿ ಓಗಿಲ್ಲ.” ಮತ್ತೆ ಅಂದಳು: “ನಿನ್ನಣ್ಣ ಬರೋದ್ರೊಳ್ಗೆ ದಾರಿ ಸರಿ ಮಾಡ್ಸು. ಆ ಕಲ್ಲುಕುಟ್ಗನ ಕೈಲೇ ಮಾಡ್ಸು. ಕಲ್ಲು ಆರ್ಸಕ್ಕೆ ನಾನೂ ಬತ್ತೀನಿ.”

ಕಟ್ಟು ಹಾಕಿದ ಕೈಯನ್ನು ಎದೆಗೆ ಅವುಚಿಕೊಂಡೇ ಅವ್ವ ಮದ್ದೂರಿನವರೆಗೆ ರೈಲಿನಲ್ಲಿ ಬಂದಳು. ಅಲ್ಲಿಂದ ಗಾಡಿ. ಬಂಡೆಯ ಹತ್ತಿರ ಹೋದಾಗ ಏಳೆಂಟು ಸುತ್ತಿಗೆಗಳ ಸದ್ದು ಒಟ್ಟಿಗೆ ಕೇಳುತ್ತಿತ್ತು. ದಾರಿಯುದ್ದಕ್ಕೂ ನಾನು ಹೇಳಬೇಕಾದ ಮಾತನ್ನು ಜೋಡಿಸಿಕೊಂಡಿದ್ದೆ. ಕಲ್ಲುಕುಟಿಗ ನನ್ನ ಕಡೆ ತಿರುಗಲೇ ಇಲ್ಲ. ಅವ್ವನಿಗೆ ನೆರಳಿನಲ್ಲಿ ಗೋಣಿ ಹಾಸಿ ಕುಡಿಯಲು ನೀರು ಕೊಟ್ಟ.

“ಬಿದ್ದೋಳು ನಾನು ಕಣಪ್ಪ,” ಅಂದಳು ಅವ್ವ. “ನನ್ ಕಾಲ್ಗೆ ಒಗ್ಗೋ ಕಲ್ಲ ನಾನೇ ನೋಡ್ಕತೀನಿ.”

ಅವನು ಹತ್ತಾರು ಬಗೆಯ ಚಪ್ಪಡಿಗಳನ್ನು ಸಾಲಾಗಿ ನೆಲಕ್ಕೆ ಹಾಕಿಸಿದ. ಅವ್ವ ಸೆರಗು ಸಿಕ್ಕಿಸಿಕೊಂಡು, ನನ್ನ ಕೈಯನ್ನು ಕೊಡವಿ, ಬರಿಗಾಲಲ್ಲಿ ಒಂದೊಂದರ ಮೇಲೂ ಹತ್ತಿ ನಿಂತಳು. ಬಿಸಿಲಿಗೆ ಕಾದಿದ್ದ ಕರಿಗಲ್ಲಿನಿಂದ ತಕ್ಷಣ ಇಳಿದು ಇದು ಬಾಣಲೆ ಎಂದಳು. ಇನ್ನೊಂದು ಕಚ್ಚುತ್ತದೆ ಎಂದಳು. ಮತ್ತೊಂದರ ಮೇಲೆ ಕಾಲಿಟ್ಟವಳೇ, ಪಾದವನ್ನು ಹಿಂದೆ ಮುಂದೆ ಜಾರಿಸಿ ನೋಡಿ ನಕ್ಕಳು.

“ಇದು ನನ್ ಮಗನ ಕಲ್ಲು.”

ಸುತ್ತಿಗೆ ನಿಲ್ಲಿಸಿ ನೋಡುತ್ತಿದ್ದವರೆಲ್ಲ ನಕ್ಕರು. ಅಷ್ಟು ಹೊತ್ತು ಬಿಗಿದುಕೊಂಡಿದ್ದ ಕಲ್ಲುಕುಟಿಗನೂ ನಕ್ಕುಬಿಟ್ಟ. ನಾನೂ ನಗಬೇಕಾಯಿತು.

ಕೊನೆಗೆ ಅವಳು ಬಹಳ ಹೊತ್ತು ನಿಂತದ್ದು, ಅವನು ನನಗೆ ಮೊದಲ ದಿನವೇ ತಂದು ತೋರಿಸಿದ್ದ ಬೂದುಗಲ್ಲಿನ ಮೇಲೆ. ತರಿತರಿಯಾಗಿ ಬೀಸಿದ ರಾಗಿ ಹಿಟ್ಟಿನ ಹಾಗಿದೆ, ಇಂಥವೇ ಕೊಡು ಎಂದಳು. ಅವನು ಒಂದೊಂದನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿ ಬೇರೆ ಇಡತೊಡಗಿದ. ಹತ್ತನೆಯದೋ ಹನ್ನೊಂದನೆಯದೋ ತಟ್ಟಿದಾಗ ಅವ್ವ ಕೂತಲ್ಲಿಂದಲೇ ಅದು ಬೇಡ, ಒಡೆದ ಮಡಕೆಯ ಸದ್ದು ಎಂದಳು. ಅವನು ಅದಾಗಲೇ ಅದನ್ನು ಒಳ್ಳೆಯ ಕಲ್ಲಿನ ಕಡೆಗೆ ಹೊರಳಿಸಿದ್ದ. ನಿಂತು, ನೀರು ಚೆಲ್ಲಿ, ಬಟ್ಟೆಯಿಂದ ಒರೆಸಿದ. ಎಲ್ಲ ಕಡೆ ಆರಿದ ಮೇಲೆ ಕೂದಲಿನಷ್ಟು ತೆಳುವಾದ ಒಂದು ಗೆರೆ ಮಾತ್ರ ಒದ್ದೆಯಾಗಿ ಉಳಿಯಿತು.

“ಅವ್ವಾ, ನೀವು ಈ ಕಸ್ಬಿಗೆ ಬಂದಿದ್ರೆ ನಮ್ ಒಟ್ಟೆ ಮ್ಯಾಲೆ ಒಡೀತಿದ್ರಿ,” ಅಂದ.

ನನ್ನ ಅವ್ವ ಓದಿದವಳಲ್ಲ, ಕಿರುಗಾವಲು ಮಳವಳ್ಳಿ ಬಿಟ್ಟರೆ ಹೆಚ್ಚು ಊರು ಕಂಡವಳೂ ಅಲ್ಲ. ಆ ಮಧ್ಯಾಹ್ನ ಅಷ್ಟು ಜನ ಕಸುಬುದಾರರ ನಡುವೆ ಅವಳು ನಿಂತ ರೀತಿ ನೋಡಿ ನನಗಾದ ಹೆಮ್ಮೆ, ನನ್ನ ಮಗ ಎಂಜಿನಿಯರಾದ ದಿನವೂ ಆಗಲಿಲ್ಲ.

ನಾಲ್ಕು ದಿನಕ್ಕೆ ಅವನು ಕಲ್ಲುಗಳೊಂದಿಗೆ ಬಂದ. ನಾನು ದಾರ ಹಿಡಿಯಲು ಹೋದೆ. ಅವನು ಬೇಡವೆಂದು, ಅವ್ವನನ್ನು ಬಾಗಿಲಿನಿಂದ ಬಾವಿಯ ಕಡೆಗೆ ತನ್ನಷ್ಟಕ್ಕೆ ನಡೆಯಲು ಹೇಳಿದ. ಅವಳ ಪಾದ ಬಿದ್ದಲ್ಲೆಲ್ಲ ಒಂದು ಗೂಟ ನೆಟ್ಟ. ಗೂಟವಿದ್ದಲ್ಲಿ ಕಲ್ಲು. ದಾರಿ ನೆಟ್ಟಗಿರದೆ ಬಾಳೆಯ ಹತ್ತಿರ ಸ್ವಲ್ಪ ಬಲಕ್ಕೆ ವಾಲಿತು. ಪಕ್ಕದ ಮನೆಯವರು ಹಾವು ಹರಿದ ಹಾಗಿದೆ ಎಂದರು. ಅವ್ವ ಮಾತ್ರ ಒಂದು ಹೆಜ್ಜೆಯೂ ತಪ್ಪದೆ ನಡೆದಳು. ಕಿತ್ತ ನಯದ ಕಲ್ಲುಗಳು ಬಟ್ಟೆ ಒಗೆಯಲು ಬಾವಿಯ ಪಕ್ಕಕ್ಕೆ ಹೋದವು.

ಕಲ್ಲಿನ ಎರಡು ಬದಿಯ ಬರಿ ಮಣ್ಣಿನದೇ ತೊಂದರೆ ಉಳಿಯಿತು. ಮಳೆಗೆ ಅದು ಸಿಡಿದು ಕಲ್ಲಿನ ಮೇಲೆ ಕೂರುತ್ತಿತ್ತು. ಏನಾದರೂ ಹೊದಿಸಬೇಕು, ಗಿಡದ ಬುಡಕ್ಕೂ ತಂಪು ಎಂದ ಕಲ್ಲುಕುಟಿಗ. ನಾನು ಕಬ್ಬಿನ ಊರಿನವನು. ಬುದ್ಧಿ ಓಡಿಸಿ ಆಲೆಮನೆಯಿಂದ ಒಂದು ಗಾಡಿ ಹಿಂಡಿದ ಕಬ್ಬಿನ ಸಿಪ್ಪೆ ತರಿಸಿ, ಹಸಿಹಸಿಯಾಗಿಯೇ ಗೇಣು ದಪ್ಪಕ್ಕೆ ಹರಡಿಸಿದೆ. ಎರಡೇ ದಿನಕ್ಕೆ ಮಂಡ್ಯದ ಇರುವೆಗಳೆಲ್ಲ ನಮ್ಮ ಹಿತ್ತಲಿಗೆ ಬಂದವು. ಅಲ್ಲಿಂದ ಅಡುಗೆಮನೆ, ಅಲ್ಲಿಂದ ದೇವರ ಗೂಡು. ಮೂರನೆಯ ದಿನ ಮಳೆ ಬಿದ್ದು ಬಿಸಿಲು ಕಾದಾಗ ಸಿಪ್ಪೆ ಹುಳಿಯಿತು. ಪಕ್ಕದ ಮನೆಯ ಮೇಷ್ಟರು ಬೇಲಿಯ ಮೇಲಿಂದ ಇಣುಕಿ, ಹಿತ್ತಲಲ್ಲಿ ಭಟ್ಟಿ ಏನಾದರೂ ಇಟ್ಟಿದ್ದೀರಾ ಎಂದು ಗಂಭೀರವಾಗಿ ವಿಚಾರಿಸಿದರು. ಎಲ್ಲವನ್ನೂ ಬಾಚಿ ತಿಪ್ಪೆಗೆ ಹಾಕಿಸಿದೆ. ಬಳಿಕ ಭತ್ತದ ಹೊಟ್ಟು ಹಾಕಿದೆ. ಅದು ಗಾಳಿಗೆ ಹಾರಿ, ಒಣಹಾಕಿದ ಬಟ್ಟೆಗೆ ಅಂಟಿತು.

ಆಗ ಅವ್ವ ಕಬ್ಬಿನ ಒಣ ತರಗು ತರಿಸಲು ಹೇಳಿದಳು. ತೆನೆ ಕೊಯ್ಯುವ ಕುಡುಗೋಲಿನಿಂದ ಅದನ್ನು ಗೇಣು ಗೇಣು ಕತ್ತರಿಸಿ, ಎರಡು ಬೆರಳು ದಪ್ಪಕ್ಕೆ ಮೀರದಂತೆ, ಗಿಡದ ಕಾಂಡಕ್ಕೆ ತಾಗದಂತೆ ಹರಡಿದೆವು. ತರಗಿನಲ್ಲಿ ಹಾವು ಸೇರಿಕೊಳ್ಳುತ್ತದೆ ಎಂದು ನನ್ನ ಹೆಂಡತಿ ಹೆದರಿದಳು.

“ಸೇರ್ಕಂಡ್ರೆ ಸದ್ದಾಯ್ತದೆ ಕಣಮ್ಮ,” ಅಂದಳು ಅವ್ವ. “ಕಾಣದೋಳ್ಗೇ ಕೇಳ್ತದೆ, ಕಾಣೋಳು ನಿಂಗೆ ಕೇಳಕಿಲ್ವಾ?”

ಅವಳು ತರಗನ್ನೇ ಆರಿಸಿದ್ದು ಆ ಸದ್ದಿಗಾಗಿ. ಪಾದ ಕಲ್ಲಿನಿಂದ ಬೆರಳಷ್ಟು ಸರಿದರೂ ಸರಸರ ಎನ್ನುತ್ತಿತ್ತು. ಅವಳು ಅಲ್ಲೇ ನಿಂತು ತಿದ್ದಿಕೊಳ್ಳುತ್ತಿದ್ದಳು.

ದಬ್ಬೆ ಬಿಚ್ಚಿದ ಮರುದಿನ ಅಣ್ಣ ಗಾಡಿ ಕಟ್ಟಿಕೊಂಡು ಬಂದ. ಕಲ್ಲುಕುಟಿಗ ಅಂದು ಮತ್ತೆ ಬಂದು, ಬಾವಿಯ ಕಟ್ಟೆಯ ಹತ್ತಿರ ಕೊನೆಯ ಕಲ್ಲಿನ ಅಂಚು ತಿದ್ದುತ್ತಿದ್ದ. ಸಾಲಿನ ಮನೆಯ ಒಂದಿಬ್ಬರೂ ಬೇಲಿಯ ಬಳಿ ಇದ್ದರು. ಅವ್ವ ಯಾರಿಗೂ ಏನೂ ಹೇಳದೆ ಬಲಗೈಯಲ್ಲಿ ಹುಲ್ಲಿನ ಕಂತೆ ಹಿಡಿದು ಹಿಂಬಾಗಿಲಿನಿಂದ ಇಳಿದಳು. ನಲವತ್ತು ಹೆಜ್ಜೆ. ಎಲ್ಲೂ ತರಗು ಸದ್ದು ಮಾಡಲಿಲ್ಲ. ಹಸುವಿಗೆ ಹುಲ್ಲು ಹಾಕಿ, ಅದರ ಕತ್ತು ಸವರಿ, ಹಿಂದಿರುಗಿ ಬಂದು ಬಾಗಿಲಲ್ಲಿ ನಿಂತಳು. ಅಣ್ಣ ಕಣ್ಣೊರೆಸಿಕೊಂಡ. ಗಾಡಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

“ಪರ್ವಾಗಿಲ್ಲ ಕಣ್ಲಾ,” ಎಂದು ನನ್ನ ಬೆನ್ನು ತಟ್ಟಿದ. “ಮೋಸ ಮಾಡ್ದೋನ್ನೇ ಎಳ್ಕೊಂಡ್ಬಂದು ಅವನ ಕೈಲೇ ಸರಿ ಮಾಡ್ಸಿದ್ದೀಯ. ಗಟ್ಟಿಗ ನೀನು.”

ಬೇಲಿಯ ಬಳಿ ಇದ್ದವರೂ ಹೌದೆಂದರು. ಉಳಿಯ ಸದ್ದು ನಿಂತಿತು. ಅವ್ವ ನನ್ನ ಕಡೆಗೆ ಮುಖ ತಿರುಗಿಸಿ ಕಾದಳು. ಅವಳು ಕಾಯುತ್ತಿದ್ದಾಳೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಅಣ್ಣನನ್ನು ನೋಡಿ ನಕ್ಕೆ.

ಸ್ವಲ್ಪ ಹೊತ್ತಿಗೆ ಉಳಿಯ ಸದ್ದು ಮತ್ತೆ ಶುರುವಾಯಿತು. ಅಂದು ಮಧ್ಯಾಹ್ನ ಅವ್ವ ಮುದ್ದೆ ಸಾರನ್ನು ತಾನೇ ಹೊತ್ತು, ಆ ದಾರಿಯಲ್ಲೇ ನಡೆದುಹೋಗಿ ಅವನಿಗೆ ಬಡಿಸಿದಳು. ಅವರಿಬ್ಬರೂ ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಅವನು ಹೊರಡುವಾಗ ನನಗೂ ಕೈ ಮುಗಿದ. ನಮ್ಮ ಸಾಲಿನಲ್ಲಿ ಅವನಿಗೆ ಮತ್ತೆ ಯಾರೂ ಕೆಲಸ ಕೊಡಲಿಲ್ಲ.

ಅವ್ವ ಇನ್ನೂ ಏಳು ವರ್ಷ ನಮ್ಮ ಜೊತೆಯಲ್ಲೇ ಇದ್ದಳು, ಒಂದು ದಿನವೂ ಯಾರ ಕೈಯನ್ನೂ ಹಿಡಿಯದೆ ಬಾವಿಗೆ ಹೋಗಿ ಬಂದಳು. ವರ್ಷಕ್ಕೆರಡು ಸಲ ಹಳೆಯ ತರಗು ಗೊಬ್ಬರವಾಗಿ ಮಣ್ಣಿಗೆ ಇಳಿದ ಮೇಲೆ ಹೊಸದನ್ನು ತಾನೇ ಮುಂದೆ ನಿಂತು ಹಾಕಿಸುತ್ತಿದ್ದಳು. ಆ ಮಲ್ಲಿಗೆಯಂಥ ಮಲ್ಲಿಗೆ ಸಾಲಿನಲ್ಲಿ ಬೇರೆ ಯಾರಿಗೂ ಬಿಡಲಿಲ್ಲ. ಅಂದು ನಾನು ಬಾಯಿ ಬಿಡದ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಅಣ್ಣ ಸಾಯುವವರೆಗೂ ನನ್ನನ್ನು ಗಟ್ಟಿಗನೆಂದೇ ನಂಬಿದ್ದ.

ಅವ್ವನನ್ನು ಬೀಳಿಸಿದ ಕಲ್ಲು ನಾನು ಕೇಳಿ ಉಜ್ಜಿಸಿದ್ದು. ಕಲ್ಲುಕುಟಿಗ ಬೇಡವೆಂದಿದ್ದ. ಅವಳನ್ನು ನಡೆಸಿದ ಕಲ್ಲನ್ನು ಅವಳೇ ಆರಿಸಿದಳು, ಅವನು ಹಾಕಿದ. ಇಷ್ಟನ್ನು ಅಂದು ಹಿತ್ತಲಿನಲ್ಲಿ ನಿಂತು ಹೇಳಲು ಅರೆ ನಿಮಿಷ ಸಾಕಾಗಿತ್ತು.