ಮುಂದಿನ ಎರಡು ಹಲ್ಲಿನ ಸಂದು

ಹಲ್ಲು ಕಟ್ಟುವುದು ಅವನ ಕಸುಬು. ಡಾಕ್ಟರು ಹಲ್ಲು ಕೀಳುತ್ತಾರೆ, ಅಳತೆ ತೆಗೆಯುತ್ತಾರೆ, ಹೆಸರು ಗಳಿಸುತ್ತಾರೆ. ಆ ಅಳತೆಗೆ ಹಲ್ಲು ಮಾಡಿಕೊಡುವವನ ಮುಖವನ್ನು ಅದೇ ಹಲ್ಲಿನಲ್ಲಿ ನಗುವವರು ಒಮ್ಮೆಯೂ ನೋಡಿರುವುದಿಲ್ಲ. ಮೂವತ್ತು ವರ್ಷದಿಂದ ಎರಡನೇ ಮಹಡಿಯ ಒಂದು ಕೋಣೆಯಲ್ಲಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಉಜ್ಜುವ ಯಂತ್ರದ ಮುಂದೆ ಕೂತು ಅವನು ಊರಿನ ಅರ್ಧ ಬಾಯಿಗಳನ್ನು ತುಂಬಿಸಿದ್ದ. ಅವನ ಬಾಯಲ್ಲೇ ಎರಡು ದವಡೆ ಹಲ್ಲು ಇರಲಿಲ್ಲ. ಕಟ್ಟಿಕೊಳ್ಳಲು ಪುರುಸೊತ್ತಿಲ್ಲ ಎನ್ನುತ್ತಿದ್ದ.

ಪುರುಸೊತ್ತೆಲ್ಲ ಒಬ್ಬ ಪಾಪ್ ಗಾಯಕಿಯ ಪಾಲಾಗಿತ್ತು. ಹದಿನೇಳರ ವಯಸ್ಸಿನಲ್ಲಿ ಆಕೆಯ ಹಾಡು ಕೇಳಿ ಮರುಳಾದವನು ಆಮೇಲೆ ಸರಿಹೋಗಲೇ ಇಲ್ಲ. ‘ಸ’ ಅಕ್ಷರ ಬಂದಲ್ಲೆಲ್ಲ ಆಕೆಯ ಮುಂದಿನ ಎರಡು ಹಲ್ಲಿನ ಸಂದಿನಿಂದ ಸಣ್ಣದೊಂದು ಶಿಳ್ಳೆ ಹೊರಡುತ್ತಿತ್ತು. ಅಭಿಮಾನಿಗಳು ಆ ಶಿಳ್ಳೆಗೆ ಪ್ರಾಣ ಬಿಡುತ್ತಿದ್ದರು. ಇಪ್ಪತ್ತೆರಡು ವರ್ಷದ ಹಿಂದೆ ಆಕೆ ಇದ್ದಕ್ಕಿದ್ದಂತೆ ಹಾಡು ಬಿಟ್ಟು ಮನೆ ಸೇರಿದಾಗ ಉಳಿದವರು ಬೇರೆ ದೇವರನ್ನು ಹುಡುಕಿಕೊಂಡರು. ಇವನು ಮಾತ್ರ ಆಕೆಯ ಸುದ್ದಿಪತ್ರ ನಡೆಸಿಕೊಂಡು ಬಂದ. ಮೊದಲು ಜೆರಾಕ್ಸ್ ಹಾಳೆ, ಈಗ ಫೋನಿನಲ್ಲಿ ಒಂದು ಗುಂಪು. ಸುದ್ದಿಯೇ ಇಲ್ಲದ ಸುದ್ದಿಪತ್ರಕ್ಕೆ ಇನ್ನೂರು ಜನ ಓದುಗರು. ಅವರೆಲ್ಲರಿಗೂ ಇವನು ‘ಸುದ್ದಿಯಣ್ಣ’.

ಎರಡು ತಿಂಗಳ ಹಿಂದೆ ಯಾರೋ ಒಬ್ಬ ಹುಡುಗಿ ಆಕೆಯ ಹಳೆಯ ಹಾಡಿಗೆ ಕುಣಿದು ಹತ್ತೊಂಬತ್ತು ಸೆಕೆಂಡಿನ ವಿಡಿಯೋ ಹಾಕಿದಳು. ನೋಡನೋಡುತ್ತ ಗುಂಪಿನ ಇನ್ನೂರು ಜನ ನಲವತ್ತು ಸಾವಿರವಾದರು. ಆಕೆ ಎಲ್ಲಿದ್ದಾಳೆ, ಹೇಗಿದ್ದಾಳೆ, ಮತ್ತೆ ಹಾಡುತ್ತಾಳಾ ಎಂದು ದಿನವಿಡೀ ಪ್ರಶ್ನೆ. ಸತ್ತೇಹೋದಳು ಎಂದು ಬರೆದು ಮೇಣದಬತ್ತಿಯ ಚಿತ್ರ ಹಾಕಿದವರೂ ಇದ್ದರು. ಕೊನೆಗೆ ಒಂದು ಟೀವಿಯವರು, ಭಾನುವಾರ ಸಂಜೆ ಆಕೆಯ ಸಂದರ್ಶನ, ಜೊತೆಗೆ ಒಂದು ಹಾಡು ಎಂದು ಪ್ರಕಟಿಸಿದರು. ಗುಂಪಿನವರು ಕುಣಿದಾಡಿದರು.

ಅದೇ ವಾರ ಸೋಮವಾರ ಅವನಿಗೆ ಕೆಲಸ ಕೊಡುವ ಡಾಕ್ಟರಮ್ಮನ ಕ್ಲಿನಿಕ್ಕಿನಿಂದ ಒಂದು ಡಬ್ಬಿ ಬಂತು. ಒಳಗೆ ಎರಡು ಅಚ್ಚು: ಒಂದು ಮುಂದಿನ ಆರು ಹಲ್ಲು ಕಿತ್ತ ಬಾಯಿಯದು, ಇನ್ನೊಂದು ಕೀಳುವ ಮೊದಲು ತೆಗೆದದ್ದು. ಚೀಟಿಯಲ್ಲಿ ಹೆಸರಿಲ್ಲ, ಬರೀ ನಂಬರು. ‘ಹೆಂಗಸು, ಅರವತ್ತಮೂರು. ಶನಿವಾರ ಬೆಳಿಗ್ಗೆ ಬೇಕೇ ಬೇಕು. ಮೇಣದಲ್ಲಿ ಕೂರಿಸಿ ಬಾಯಿಗೆ ಹಾಕಿ ನೋಡಲು ಸಮಯವಿಲ್ಲ, ನೇರ ಮುಗಿಸಿ. ಹಳೆಯ ಸಂದು ಮುಚ್ಚಬೇಕು.’

ಹಳೆಯ ಅಚ್ಚನ್ನು ಬೆಳಕಿಗೆ ಹಿಡಿದವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಆ ಸಂದು, ಅದರ ಎಡಕ್ಕೆ ಸ್ವಲ್ಪ ವಾಲಿದ ಹಲ್ಲು! ಆಕೆಯ ಕ್ಯಾಸೆಟ್ಟಿನ ಮೇಲಿನ ಚಿತ್ರವನ್ನು ಭೂತಗನ್ನಡಿ ಹಿಡಿದು ನೋಡಿದವನಿಗೆ ಇನ್ನೇನು ಬೇಕು? ಲೋಕದಲ್ಲಿ ಇನ್ಯಾರೂ ಆ ಅಚ್ಚನ್ನು ಗುರುತಿಸುತ್ತಿರಲಿಲ್ಲ.

ಗುಂಪಿಗೆ ಒಂದಕ್ಷರ ಹೇಳಲಿಲ್ಲ. ಬಾಯಿಗಳ ಗುಟ್ಟು ಕಾಯುವುದು ಅವನಿಗೆ ರೂಢಿಯಾಗಿತ್ತು. ಆದರೆ ಸಂದು ಮುಚ್ಚಲು ಕೈ ಬರಲಿಲ್ಲ. ಮುಚ್ಚಿದರೆ ಶಿಳ್ಳೆ ಹೋಗುತ್ತದೆ, ಶಿಳ್ಳೆ ಹೋದರೆ ಆಕೆ ಹೋದ ಹಾಗೆ. ಆಕೆಗೆ ತಿಳಿಯದು, ಯಾರೋ ದಾರಿ ತಪ್ಪಿಸಿರಬೇಕು ಎಂದುಕೊಂಡ. ಭಕ್ತರ ಬುದ್ಧಿಯೇ ಅಷ್ಟು, ದೇವರಿಗಿಂತ ತಮಗೇ ಹೆಚ್ಚು ಗೊತ್ತು. ಗುರುವಾರ ಅವನು ಆರು ಹಲ್ಲನ್ನೂ ಅಚ್ಚುಕಟ್ಟಾಗಿ ಜೋಡಿಸಿ, ನಡುವೆ ಹಳೆಯ ಸಂದನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಉಳಿಸಿದ.

ಅಚ್ಚು ಎರಕದ ಕೆಲಸದಲ್ಲಿ ಜೊತೆಗಿದ್ದ ಹೆಂಡತಿ ಚೀಟಿ ನೋಡಿ, ಹಲ್ಲಿನ ಸೆಟ್ಟು ನೋಡಿ, “ರೀ, ಇದರಲ್ಲಿ ಮುಚ್ಚಬೇಕು ಅಂತ ಬರ್ದಿದೆಯಲ್ಲ?” ಎಂದಳು.

“ನಂಗೊತ್ತು, ಸುಮ್ನಿರು.”

“ನಿಮಗೆ ಗೊತ್ತು ಅನ್ನೋದೇ ನಂಗೆ ಭಯ,” ಎಂದು ಅವಳು ಕೈ ತೊಳೆಯಲು ಹೋದಳು.

ಶನಿವಾರ ಹತ್ತೂವರೆಗೆ ಫೋನು. ಆ ಕಡೆ ಡಾಕ್ಟರಮ್ಮ. “ಏನ್ ಮಾಡಿದೀರಾ ನೀವು? ಪೇಷೆಂಟು ಅಳ್ತಾ ಕೂತಿದಾರೆ. ಒಂದು ಗಂಟೆಗೆ ಅವರನ್ನ ಟೀವಿಯವರು ಶೂಟಿಂಗಿಗೆ ಕರ್ಕೊಂಡು ಹೋಗ್ಬೇಕು. ಸಾಮಾನು ಎತ್ಕೊಂಡು ಈಗಿಂದೀಗ್ಲೇ ಬನ್ನಿ!”

ಹಲ್ಲಿನ ಪೆಟ್ಟಿಗೆ, ಉಜ್ಜುವ ಕೈಯಂತ್ರ, ವಸಡು ಮಾಡುವ ಗುಲಾಬಿ ಪುಡಿ, ಅದಕ್ಕೆ ಬೆರೆಸುವ ದ್ರವ, ಎಲ್ಲವನ್ನೂ ಚೀಲಕ್ಕೆ ತುರುಕಿಕೊಂಡು ಓಡಿದ. ಮೂವತ್ತಾರು ವರ್ಷ ಕಾದದ್ದು ಈ ಭೇಟಿಗೆ, ಆದದ್ದು ಹೀಗೆ.

ಆಕೆ ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತಿದ್ದಳು. ನೆರೆತ ಕೂದಲು, ಸಣ್ಣ ದೇಹ. ಇವನನ್ನು ಕಂಡು ಕರ್ಚೀಫಿನ ಒಳಗಿನಿಂದಲೇ ಕೇಳಿದಳು: “ನೀವೇನಾ? ಸಂದು ಬಿಡಿ ಅಂತ ಯಾರು ಹೇಳಿದ್ರು?”

ಸುಳ್ಳು ಹೇಳಬಹುದಿತ್ತು, ಕಣ್ತಪ್ಪು ಎನ್ನಬಹುದಿತ್ತು. “ಯಾರೂ ಹೇಳ್ಲಿಲ್ಲಮ್ಮಾ. ನಾನು ನಿಮ್ಮ ಅಭಿಮಾನಿ. ಆ ಶಿಳ್ಳೆ... ಅದು ಹೋಗ್ಬಾರ್ದು ಅನ್ನಿಸ್ತು,” ಎಂದ.

ಆಕೆ ಮುಖ ಆಚೆ ತಿರುಗಿಸಿದಳು. “ಸ್ಕೂಲಲ್ಲಿ ನನ್ನನ್ನ ಕಿಟಕಿ ಅಂತ ಕರೀತಿದ್ರು. ಹಾಡೋಕೆ ಬಂದ ಮೇಲೆ ಮುಚ್ಚಿಸ್ಕೋತೀನಿ ಅಂದೆ, ಕಂಪನಿಯವರು ಬಿಡ್ಲಿಲ್ಲ. ನಿಮ್ಮಂಥವರಿಗೆ ಅದೇ ಬೇಕಂತೆ. ಒಂದು ಫೋಟೋದಲ್ಲೂ ನಾನು ಬಾಯ್ಬಿಟ್ಟು ನಕ್ಕಿಲ್ಲ. ಕ್ಯಾಸೆಟ್ ಮೇಲಿರೋದು ನಂಗೆ ಗೊತ್ತಿಲ್ದೆ ತೆಗೆದದ್ದು. ಅದೂ ನಗು ಅಲ್ಲ, ಬೇಡ ಅಂತ ಕೂಗ್ತಿದ್ದೆ.” ಕರ್ಚೀಫು ಮತ್ತಷ್ಟು ಒತ್ತಿಕೊಂಡಳು. “ಈ ಹಲ್ಲು ಹಾಕ್ಕೊಂಡು ನಾನು ಹೋಗೋದಿಲ್ಲ. ಹಾಡೂ ಬೇಡ, ಏನೂ ಬೇಡ.”

ನಾಚಿಕೆಯಿಂದ ಅವನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಗಡಿಯಾರ ನೋಡಿದ. ಹನ್ನೊಂದೂಕಾಲು.

“ಒಂದೂವರೆ ಗಂಟೆ ಕೊಡಿ ಅಮ್ಮಾ.”

ಕ್ಲಿನಿಕ್ಕಿನ ಹಿಂದಿನ ಸಿಂಕಿನ ಬಳಿ ಕೂತು ನಡುವಿನ ಎರಡು ಹಲ್ಲನ್ನು ತಾನೇ ಉಜ್ಜಿ ತೆಗೆದ. ಪೆಟ್ಟಿಗೆಯಲ್ಲಿ ಕೊಂಚ ಅಗಲದ ಜೋಡಿ ಹುಡುಕಿದ. ಮೊದಲ ಜೋಡಿಯ ಬಣ್ಣ ಹಳದಿ, ಎರಡನೆಯದು ಉದ್ದ. ಮೂರನೆಯದು ಕೂತಿತು. ಪುಡಿ ಕಲಸಿ ಬುಡಕ್ಕೆ ತುಂಬಿ ಉಸಿರು ಬಿಗಿಹಿಡಿದ. ಗಟ್ಟಿಯಾಗುವ ಮುನ್ನ ಅಲುಗಿದರೆ ಎಲ್ಲ ನೀರುಪಾಲು. ಹೊರಗೆ ಕಾರು ಬಂದು ನಿಂತ ಸದ್ದಾಯಿತು, ಹಾರನ್ನು ಹೊಡೆಯಿತು. ಡಾಕ್ಟರಮ್ಮ ಎರಡು ಸಲ ಬಾಗಿಲಿಗೆ ಬಂದು ಹೋದರು. ಅವನು ತಲೆ ಎತ್ತಲಿಲ್ಲ. ಹೊಳಪು ಕೊಟ್ಟು ತಂದಾಗ ಒಂದು ಗಂಟೆಗೆ ಇನ್ನು ಹತ್ತೇ ನಿಮಿಷ.

ಆಕೆ ಹಾಕಿಕೊಂಡು ಕನ್ನಡಿ ನೋಡಿದಳು. ಆಮೇಲೆ ಮೆಲ್ಲಗೆ ಒಂದು ಸಾಲು ಹಾಡಿದಳು. ‘ಸ’ ಬಂತು. ಶಿಳ್ಳೆ ಇರಲಿಲ್ಲ.

“ಹೇಗಿದೆ?”

“ಶಿಳ್ಳೆ ಹೋಯ್ತಮ್ಮಾ,” ಎಂದ. ಅವನ ಕಣ್ಣು ತುಂಬಿತ್ತು.

“ಹೋಗ್ಲಿ ಬಿಡಿ, ಪೀಡೆ!” ಎಂದು ಆಕೆ ಜೋರಾಗಿ ನಕ್ಕಳು. ಕರ್ಚೀಫು ಮಡಿಲಿನಲ್ಲೇ ಇತ್ತು.

ಭಾನುವಾರ ಸಂಜೆ ಕಾರ್ಯಕ್ರಮ ಮುಗಿಯುವ ಮೊದಲೇ ಗುಂಪಿನಲ್ಲಿ ಬೆಂಕಿ ಬಿದ್ದಿತು. ‘ಇವರು ನಮ್ಮಮ್ಮ ಅಲ್ಲ, ಸಂದು ಎಲ್ಲಿ?’ ‘ದನಿಯೂ ಬೇರೆ.’ ‘ಅವರು ಯಾವತ್ತಾದರೂ ಹೀಗೆ ನಕ್ಕಿದ್ದಾರಾ? ಯಾರನ್ನೋ ತಂದು ಕೂರಿಸಿದ್ದಾರೆ.’ ಸಾವಿರಾರು ಜನ ಹೌದು ಹೌದು ಎಂದರು. ‘ಸುದ್ದಿಯಣ್ಣ, ನೀವೇ ಹೇಳಿ.’

ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಇವನಿಗೆ ಇದ್ದದ್ದನ್ನು ಪೂರ್ತಿ ಹೇಳುವಂತೆಯೂ ಇರಲಿಲ್ಲ. ಹಲ್ಲು ಕಟ್ಟಿಸಿಕೊಂಡವರ ಗುಟ್ಟು ಅವರದು. ಸಾಕ್ಷಿಯಿಲ್ಲದೆ ಬರೆದರೆ ಇವನನ್ನೂ ಮಾರಿಕೊಂಡವನು ಎನ್ನುತ್ತಾರೆ. ಹೆಂಡತಿ ಪಕ್ಕದಲ್ಲಿ ಕೂತು ಅವನ ಬೆರಳನ್ನೇ ನೋಡುತ್ತಿದ್ದಳು.

ಅವನು ಬರೆದ: ‘ಇವರು ಅವರೇ. ಹೇಗೆ ಗೊತ್ತು ಅಂತ ಕೇಳಬೇಡಿ. ಅವರು ನಗುವುದನ್ನು ನಾವು ಇವತ್ತಿನವರೆಗೆ ನೋಡಿರಲಿಲ್ಲ, ಅಷ್ಟೇ.’