ತಿರುವಿನ ಪೆಟ್ಟಿಗೆಗೆ ಎರಡು ಹಾರ್ನ್

ನನ್ನ ಹೆಂಡತಿಗೆ ಹಾರ್ನ್ ಅಂದರೆ ಆಗುತ್ತಿರಲಿಲ್ಲ. ಮುಳಬಾಗಿಲಿನಿಂದ ನಂಗಲಿಯ ಕಡೆ ಹೊರಟರೆ ಹೆದ್ದಾರಿಯ ಪಕ್ಕ, ಹುಣಸೆಮರದ ಬುಡದಲ್ಲಿ, ದಾರಿ ಕಾಯುವ ಮುನೇಶ್ವರನ ಒಂದು ಪುಟ್ಟ ಗುಡಿ ಸಿಗುತ್ತದೆ. ಲಾರಿಯವರು ಅಲ್ಲಿ ಎರಡು ಸಲ ಮೊಟಕಾಗಿ ಹಾರ್ನ್ ಮಾಡಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಮುಂದೆ ಹೋಗುತ್ತಾರೆ. ಬಿಡುವಿದ್ದವರು ಇಳಿದು ಕರ್ಪೂರ ಹಚ್ಚುತ್ತಾರೆ, ಇಲ್ಲದವರಿಗೆ ಹಾರ್ನೇ ನಮಸ್ಕಾರ. ನಾನೂ ಹಾಗೇ ಮಾಡುತ್ತಿದ್ದೆ. ಪಕ್ಕದಲ್ಲಿ ಕೂತ ಅವಳು ಕಿವಿ ಮುಚ್ಚಿಕೊಂಡು, “ದೇವ್ರಿಗೇನ್ ಕಿವುಡಾ? ಕೈ ಮುಗಿದ್ರೆ ಸಾಕಾಗಲ್ವಾ ರೀ?” ಅಂತ ರೇಗುತ್ತಿದ್ದಳು.

ಅವಳು ನಂಗಲಿ ಹತ್ತಿರದ ಶಾಲೆಯೊಂದರಲ್ಲಿ ಟೀಚರ್. ದಿನಾ ಮುಳಬಾಗಿಲಿನ ನಮ್ಮ ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರುತ್ತಿದ್ದಳು. ಒಂದು ಬೆಳಗ್ಗೆ, ಆ ಗುಡಿ ದಾಟಿ ಸ್ವಲ್ಪ ಮುಂದೆ ರಸ್ತೆ ತಿರುಗುವಲ್ಲಿ, ಲಾರಿಯೊಂದು ಅವಳಿಗೆ ಗುದ್ದಿತು. ಆಸ್ಪತ್ರೆಗೆ ಒಯ್ಯುವ ಕೆಲಸವೂ ಇರಲಿಲ್ಲ.

ನಮ್ಮ ಕಡೆ ಹೀಗೆ ದಾರಿಯಲ್ಲಿ ಹೋದವರನ್ನು ಮನೆಗೆ ಕರೆದುಕೊಂಡು ಬರುವ ಪದ್ಧತಿ ಇದೆ. ಇಲ್ಲದಿದ್ದರೆ ಜೀವ ಅಲ್ಲೇ ನಿಂತುಬಿಡುತ್ತದೆ ಅಂತ ಹಿರಿಯರ ಭಯ. ಅವಳ ತಮ್ಮ ಆ ತಿರುವಿನ ಮಣ್ಣನ್ನು ಒಂದು ಹಿಡಿ ಚೊಂಬಿಗೆ ಹಾಕಿ, ಅರಿಶಿನದ ಬಟ್ಟೆ ಕಟ್ಟಿ, ತವರಿನ ತೆಲುಗಿನಲ್ಲಿ, “ರಾ ಅಕ್ಕಾ, ಇಂಟಿಕಿ ಪೋದಾಂ” ಅಂತ ಕೂಗಿದ. ಬಾ ಅಕ್ಕ, ಮನೆಗೆ ಹೋಗೋಣ. ಆಮೇಲೆ ನನ್ನ ಕಡೆ ತಿರುಗಿ, “ಭಾವಾ, ಹಿಂದಕ್ಕೆ ನೋಡ್ಬೇಡಿ. ಇನ್ಮೇಲೆ ಈ ಜಾಗದಲ್ಲಿ ನಿಲ್ಲಲೂಬೇಡಿ” ಅಂದ. ನಾನು ನೋಡಲಿಲ್ಲ. ಚೊಂಬು ಮನೆಗೆ ಬಂತು, ಪೂಜೆಯಾಯಿತು, ನೆಂಟರು ಊಟ ಮಾಡಿ ಬಸ್ಸು ಹಿಡಿದರು. ನಾನು ಬಾಗಿಲು ಹಾಕಿಕೊಂಡು ನಡುಮನೆಯಲ್ಲಿ ಕೂತು ಕಾದೆ. ಅವಳು ಬಂದ ಹಾಗೆ ಅನ್ನಿಸಲೇ ಇಲ್ಲ.

ನನ್ನದು ಬೀಜದ ಕಂಪನಿಯಲ್ಲಿ ಕೆಲಸ. ಹೊಸ ಟೊಮೇಟೊ ತಳಿಗಳನ್ನು ರೈತರ ಹೊಲದಲ್ಲಿ ಬೆಳೆಸಿ, ರೋಗ ಎಷ್ಟು ತಡೆಯುತ್ತವೆ ಅಂತ ನೋಡುವುದು. ನಂಗಲಿ ಕಡೆಯ ಹೊಲಗಳನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಶ್ರೀನಿವಾಸಪುರದ ಕಡೆಯವನ್ನು ಕೇಳಿ ಪಡೆದೆ. ತಿರುಪತಿಗೋ ಚಿತ್ತೂರಿಗೋ ಹೋಗಲೇಬೇಕಾದಾಗ ಬಸ್ಸಿನಲ್ಲಿ ಬಲಗಡೆ ಸೀಟು ಹಿಡಿದು, ಆ ತಿರುವು ಬರುವ ಹೊತ್ತಿಗೆ ಮೊಬೈಲ್ ತೆಗೆದು ನೋಡುತ್ತ ಕೂರುತ್ತಿದ್ದೆ. ಒಮ್ಮೆ ಲೆಕ್ಕ ತಪ್ಪಿ ತಲೆ ಎತ್ತಿದಾಗ ಅಲ್ಲೊಂದು ಹಳದಿ ಬೋರ್ಡು ನಿಂತಿದ್ದು ಕಾಣಿಸಿತು. ‘ಅಪಘಾತ ವಲಯ. ನಿಧಾನವಾಗಿ ಚಲಿಸಿ.’ ಅವಳು ಸತ್ತಿದ್ದಕ್ಕೆ ಸರ್ಕಾರ ಬರೆದಿದ್ದು ಅಷ್ಟೇ. ಬಸ್ಸೇನೂ ನಿಧಾನ ಮಾಡಲಿಲ್ಲ.

ಹೋದ ವರ್ಷ ಕಂಪನಿಯವರು ನನ್ನನ್ನು ಒಂದು ಬೇಸಿಗೆಯ ಮಟ್ಟಿಗೆ ಗ್ರೀಸ್ ದೇಶದ ಕ್ರೀಟ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ಸಮುದ್ರದ ದಂಡೆಯುದ್ದಕ್ಕೂ ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ ಟೊಮೇಟೊ ಬೆಳೆಯುತ್ತಾರೆ. ಮನೆಯಲ್ಲಿ ಕಾಯುವವರು ಯಾರೂ ಇಲ್ಲದ ನನ್ನಂಥವನನ್ನು ಎಲ್ಲಿಗೆ ಬೇಕಾದರೂ ಕಳಿಸಬಹುದು. ಕೋಲಾರದ ಆರ್‌ಟಿಒ ಕಚೇರಿಯಲ್ಲಿ ಹೊರದೇಶದ ಲೈಸೆನ್ಸ್ ಮಾಡಿಸಿಕೊಂಡು ಹೊರಟೆ.

ಅಲ್ಲಿ ಬಲಗಡೆ ಗಾಡಿ ಓಡಿಸಬೇಕು. ಅದನ್ನಾದರೂ ಕಲಿತೆ, ಬೋರ್ಡುಗಳು ಮಾತ್ರ ತಲೆ ತಿಂದವು. ಓರೆಯಾಗಿ ನಿಲ್ಲಿಸಿದ ಹಳದಿ ಚೌಕ, ಸುತ್ತ ಬಿಳಿ ಅಂಚು, ಒಳಗೆ ಏನೂ ಇಲ್ಲ. ಏನೂ ಬರೆಯದ ಬೋರ್ಡು ಅಂದರೆ ಭಾರೀ ಅಪಾಯ ಇರಬೇಕು ಅಂದುಕೊಂಡು, ಅದು ಕಂಡಲ್ಲೆಲ್ಲ ಬ್ರೇಕ್ ಹಾಕಿ ಅಡ್ಡರಸ್ತೆಯವರಿಗೆ ದಾರಿ ಬಿಡುತ್ತಿದ್ದೆ. ಹಿಂದಿನವರು ಕೂಗಾಡುತ್ತಿದ್ದರು. ಒಂದು ವಾರವಾದ ಮೇಲೆ, ನಾನು ಕೆಲಸ ಮಾಡುತ್ತಿದ್ದ ತೋಟದ ಯಜಮಾನ ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳಿದ, ಈ ರಸ್ತೆಯಲ್ಲಿ ಮೊದಲು ಹೋಗುವ ಹಕ್ಕು ನಿನ್ನದೇ ಅಂತ ಅದರ ಅರ್ಥವಂತೆ. ಇನ್ನು ಕೆಲವು ಬೋರ್ಡುಗಳ ತುಂಬ ತೂತು. ತುಕ್ಕು ಹಿಡಿದಿದೆ ಅಂದುಕೊಂಡಿದ್ದೆ, ಬಂದೂಕಿನ ಗುರಿ ನೋಡಿಕೊಳ್ಳಲು ಹೊಡೆಯುತ್ತಾರಂತೆ. ಇದನ್ನೆಲ್ಲ ಹೇಳಿ ನಗಿಸಬೇಕು ಅಂತ ಸಂಜೆ ರೂಮಿಗೆ ಬಂದು ಮೊಬೈಲ್ ಎತ್ತಿಕೊಳ್ಳುತ್ತಿದ್ದೆ. ಫೋನ್ ಮಾಡಬೇಕಾದವಳೇ ಇಲ್ಲ ಅನ್ನುವುದು ಆಮೇಲೆ ನೆನಪಾಗುತ್ತಿತ್ತು.

ಒಂದನ್ನು ಮಾತ್ರ ಯಾರನ್ನೂ ಕೇಳದೆ ಅರ್ಥ ಮಾಡಿಕೊಂಡಿದ್ದೆ. ರಸ್ತೆಯ ಅಂಚಿನಲ್ಲಿ, ಹೆಚ್ಚಾಗಿ ತಿರುವುಗಳಲ್ಲಿ, ಕಂಬದ ಮೇಲೆ ಪುಟ್ಟ ತಗಡಿನ ಪೆಟ್ಟಿಗೆ. ಗುಡಿಯಂಥ ಚಾವಣಿ, ಗಾಜಿನ ಬಾಗಿಲು, ಒಳಗೆ ಎಣ್ಣೆದೀಪ, ದೇವರ ಚಿತ್ರ. ನೋಡಿದ ಕೂಡಲೇ ಮನಸ್ಸಿಗೆ ಹಿತವಾಯಿತು. ಸದ್ಯ, ಇಲ್ಲೂ ದಾರಿ ಕಾಯುವವನೊಬ್ಬ ಇದ್ದಾನಲ್ಲ ಅಂದುಕೊಂಡೆ. ತೋಟಕ್ಕೆ ಹೋಗುವ ದಾರಿಯ ಒಂದು ತಿರುವಿನಲ್ಲಿ ನೀಲಿ ಬಣ್ಣದ ಪೆಟ್ಟಿಗೆಯೊಂದಿತ್ತು, ಎದುರಿಗೆ ಒಂದು ಒಂಟಿ ಮನೆ. ದಿನಾ ಬೆಳಗ್ಗೆ ಅಲ್ಲಿ ಎರಡು ಸಲ ಮೊಟಕಾಗಿ ಹಾರ್ನ್ ಮಾಡಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗತೊಡಗಿದೆ. ಕೆಲವು ದಿನಗಳಲ್ಲಿ ಆ ಮನೆಯ ಮುದುಕಿ ಹಾರ್ನ್ ಕೇಳಿದೊಡನೆ ಬಾಗಿಲಿಗೆ ಬಂದು ನಿಲ್ಲುವುದು ಶುರುವಾಯಿತು. ಕಪ್ಪು ಬಟ್ಟೆ, ತಲೆಗೆ ಕಪ್ಪು ವಸ್ತ್ರ. ನಾನು ತಲೆ ಬಾಗಿಸುತ್ತಿದ್ದೆ, ಆಕೆ ಕೈ ಎತ್ತುತ್ತಿದ್ದಳು. ಭಕ್ತೆ ಇರಬೇಕು ಅಂದುಕೊಂಡೆ.

ಒಂದು ಮಧ್ಯಾಹ್ನ ಗಿಡಗಳಿಗೆ ನೂಲು ಕಟ್ಟುತ್ತಿದ್ದಾಗ ಯಜಮಾನ ಕೇಳಿದ. “ಆ ತಿರುವಿನ ಹುಡುಗಿ ನಿನಗೆ ಹೇಗೆ ಗೊತ್ತು?”

“ಯಾವ ಹುಡುಗಿ?”

“ದಿನಾ ಹಾರ್ನ್ ಮಾಡಿ ಮಾತಾಡಿಸುತ್ತೀಯಂತಲ್ಲ. ಅವಳ ತಾಯಿ ನನ್ನನ್ನು ಕೇಳುತ್ತಿದ್ದಾಳೆ. ನನ್ನ ಮಗಳನ್ನು ಇನ್ನೂ ನೆನಪಿಟ್ಟುಕೊಂಡಿರುವ ಆ ಪರದೇಶಿ ಯಾರು ಅಂತ.”

ಆಗ ವಿಷಯ ತಿಳಿಯಿತು. ಆ ಪೆಟ್ಟಿಗೆಗಳು ದಾರಿ ಕಾಯುವ ದೇವರ ಗುಡಿಗಳಲ್ಲ. ಅಪಘಾತದಲ್ಲಿ ಬದುಕಿ ಉಳಿದವರು ಹರಕೆಯ ಹಾಗೆ ಇಟ್ಟವು ಕೆಲವು, ಸತ್ತವರ ಮನೆಯವರು ಇಟ್ಟವು ಹೆಚ್ಚಿನವು. ಒಳಗೆ ಫೋಟೊ ಇದ್ದರೆ ಸತ್ತವರದು ಅಂತ ತಿಳಿಯಬೇಕು. ನಾನು ಗಾಡಿಯಿಂದ ಇಳಿದು ನೋಡಿದವನೇ ಅಲ್ಲ.

ಸಂಜೆ ಹೋಗುವಾಗ ಅಲ್ಲಿ ನಿಲ್ಲಿಸಿದೆ. ಮುದುಕಿ ಎಣ್ಣೆಯ ಬಾಟಲಿ ಹಿಡಿದು ರಸ್ತೆ ದಾಟಿ ಬಂದಳು. ಗಾಜಿನ ಬಾಗಿಲು ತೆಗೆದು, ದೇವರ ಚಿತ್ರದ ಪಕ್ಕದ ಫೋಟೊ ತೋರಿಸಿದಳು. ಕತ್ತರಿಸಿದ ಗಿಡ್ಡ ಕೂದಲು, ಮುಖದ ತುಂಬ ನಗು. ಆಕೆಯ ಮಾತು ನನಗೆ ತಿಳಿಯದು, ನನ್ನದು ಆಕೆಗೆ ತಿಳಿಯದು. ನಿಮ್ಮ ಮಗಳು ನನಗೆ ಗೊತ್ತೇ ಇರಲಿಲ್ಲ ಅಂತ ಯಾವ ಸನ್ನೆಯಲ್ಲಿ ಹೇಳುವುದು? ಹೇಳುವ ಮನಸ್ಸೂ ಆಗಲಿಲ್ಲ. ಆಕೆ ಬಾಟಲಿ ನನ್ನ ಕೈಗೆ ಕೊಟ್ಟಳು, ನಾನು ದೀಪಕ್ಕೆ ಎಣ್ಣೆ ಹಾಕಿದೆ. ಆಮೇಲೆ ಯಾಕೋ ಮೊಬೈಲ್ ತೆಗೆದು ನನ್ನ ಹೆಂಡತಿಯ ಫೋಟೊ ತೋರಿಸಿ, ರಸ್ತೆಯ ಕಡೆ ಕೈ ಮಾಡಿದೆ. ಆಕೆಗೆ ಅರ್ಥವಾಯಿತು. ತನ್ನ ಬೆರಳಿಗೆ ಮುತ್ತಿಟ್ಟು ಆ ಬೆರಳನ್ನು ಫೋಟೊಗೆ ಮುಟ್ಟಿಸಿದಳು. ಮತ್ತೆ ಪೆಟ್ಟಿಗೆಯನ್ನು ತೋರಿಸಿ, ನನ್ನನ್ನು ತೋರಿಸಿ, ಎರಡೂ ಕೈ ಅಗಲಿಸಿದಳು. ನಿನ್ನವಳದು ಎಲ್ಲಿದೆ?

ಇಲ್ಲ ಅಂತ ತಲೆ ಆಡಿಸಿದೆ. ಆ ತಾಯಿ ನನ್ನ ಕೆನ್ನೆ ತಟ್ಟಿದಳು. ಹೆಂಡತಿ ತೀರಿಕೊಂಡ ಮೇಲೆ ಮೊದಲ ಸಲ ಇನ್ನೊಬ್ಬರ ಎದುರು ಅತ್ತೆ. ಊರಿಗೆ ಹೊರಡುವವರೆಗೂ ಆ ತಿರುವಿನಲ್ಲಿ ಹಾರ್ನ್ ಮಾಡುವುದನ್ನು ಬಿಡಲಿಲ್ಲ.

ಮುಳಬಾಗಿಲಿಗೆ ವಾಪಸು ಬಂದು, ಪೇಟೆಯಲ್ಲಿ ತಗಡಿನ ಡಬ್ಬ, ಆಲಿಕೆ ಮಾಡುವ ಸಾಬರ ಅಂಗಡಿಗೆ ಹೋಗಿ, ಗಾಜಿನ ಬಾಗಿಲಿನ ಪೆಟ್ಟಿಗೆಯೊಂದು ಬೇಕು ಅಂದೆ. ಅವರು ಅಳತೆ ಕೇಳಿದರು, ಯಾಕೆ ಅಂತ ಕೇಳಲಿಲ್ಲ. ಕೇಳಿದ್ದು ನನ್ನ ಹೆಂಡತಿಯ ತಮ್ಮ. ಸುದ್ದಿ ಹೇಗೆ ಮುಟ್ಟಿತೋ, ಫೋನ್ ಮಾಡಿ ಕೂಗಾಡಿದ.

“ಕರ್ಕೊಂಡ್ ಬಂದಿದ್ದೀವಲ್ಲ ಭಾವಾ! ಮತ್ತೆ ಯಾಕೆ ಅಕ್ಕನ್ನ ರೋಡಲ್ಲಿ ನಿಲ್ಲಿಸ್ತೀರಾ?”

“ಮನೇಗ್ ಬಂದಿದ್ರೆ ನಂಗ್ ಗೊತ್ತಾಗ್ತಿರ್ಲಿಲ್ವೇನೋ?” ಅಂದೆ. “ದಿನಾ ಆ ಮನೇಲಿ ಒಬ್ನೇ ಇರೋನು ನಾನು ಕಣೋ.”

ಅವನು ಫೋನ್ ಇಟ್ಟ.

ಪೆಟ್ಟಿಗೆ ಸಿದ್ಧವಾದ ಮರುದಿನ ಬೆಳಗ್ಗೆ ಅದನ್ನು ಗಾಡಿಯಲ್ಲಿ ಹಾಕಿಕೊಂಡು ಒಬ್ಬನೇ ಹೊರಟೆ. ಹುಣಸೆಮರದ ಮುನೇಶ್ವರನಿಗೆ ಹಾರ್ನ್ ಮಾಡದೆ ಕೈ ಮುಗಿದೆ, ಅವಳ ಇಷ್ಟದಂತೆ. ತಿರುವಿನಲ್ಲಿ ಗಾಡಿ ಪಕ್ಕಕ್ಕೆ ಹಾಕಿ ಇಳಿದೆ. ಮೊಬೈಲ್ ನೋಡಲಿಲ್ಲ, ಆ ಜಾಗವನ್ನೇ ನೋಡಿದೆ. ಡಾಂಬರು, ಜಲ್ಲಿ, ಲಾರಿಯಿಂದ ಉದುರಿ ಒಣಗಿದ ಟೊಮೇಟೊ, ಎಕ್ಕದ ಗಿಡ. ಹಳದಿ ಬೋರ್ಡಿನ ಹಿಂದೆ, ರಸ್ತೆಯಿಂದ ದೂರಕ್ಕೆ, ಪೆಟ್ಟಿಗೆಯ ಕಂಬ ನೆಟ್ಟು ಕಲ್ಲು ಬಡಿದೆ. ಫೋಟೊ ಇಟ್ಟೆ, ದೀಪ ಹಚ್ಚಿ ಬಾಗಿಲು ಹಾಕಿದೆ. ಒಂಟಿತನಕ್ಕೆ ಒಂದು ಗುಡಿ ಕಟ್ಟಿದಂತಾಯಿತೇ ಹೊರತು ಇನ್ನೇನು ಅಂತ ಸಿಟ್ಟು ಬಂತು.

ಅಷ್ಟರಲ್ಲಿ ಆಂಧ್ರದ ಕಡೆಯಿಂದ ಲಾರಿಯೊಂದು ಬಂತು. ತಿರುವಿಗೆ ಬಂದವನು ದೀಪ ನೋಡಿದ, ವೇಗ ತಗ್ಗಿಸಿದ. ಎರಡು ಸಲ ಮೊಟಕಾಗಿ ಹಾರ್ನ್ ಮಾಡಿ, ಸ್ಟೀರಿಂಗ್ ಮುಟ್ಟಿ ಕಣ್ಣಿಗೊತ್ತಿಕೊಂಡು, ಮೆಲ್ಲಗೆ ದಾಟಿ ಹೋದ.

ನಾನು ಪೆಟ್ಟಿಗೆಯ ಗಾಜಿನ ಹತ್ತಿರಕ್ಕೆ ಬಗ್ಗಿದೆ.

“ಬೈಬೇಡ,” ಅಂದೆ. “ನಿಂಗೇ ಕಣೇ ಅದು.”