ಒಂದು ಉಂಗುರ ಕಡಿಮೆ

ನಮ್ಮ ಮೇಡಂ ಅವರ ಬಲಗೈ ಹೆಬ್ಬೆರಳು ರುಬ್ಬುಗುಂಡಿನಂತೆ ನುಣ್ಣಗಿತ್ತು. ಮರದ ಕಡ್ಡಿಗಳನ್ನು ಉಪ್ಪುಕಾಗದದಿಂದ ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋಗಿದ್ದವು. ಟಾಸ್ಮೇನಿಯಾದ ಬೆಟ್ಟಗಳ ಮುದಿ ಪೈನ್ ಮರಗಳಿಗೆ ಬೈರಿಗೆ ಹಾಕಿ, ಪೆನ್ಸಿಲ್‌ಗಿಂತ ಸಣ್ಣ ಕಡ್ಡಿ ಹೊರತೆಗೆದು, ಅದರಲ್ಲಿ ವರ್ಷಕ್ಕೊಂದರಂತೆ ಕಟ್ಟಿದ ಉಂಗುರಗಳನ್ನು ಅಳೆಯುವುದು ಅವರ ಕೆಲಸ. ಬೇಸಿಗೆ ಬೆಚ್ಚಗಿದ್ದರೆ ಉಂಗುರ ಅಗಲ, ತಣ್ಣಗಿದ್ದರೆ ತೆಳು. ಥರ್ಮಾಮೀಟರ್ ಇಲ್ಲದ ಕಾಲದ ಹವೆಯನ್ನು ಹೀಗೂ ಲೆಕ್ಕ ಹಾಕುತ್ತಾರೆ. ಮೆಲ್ಬರ್ನ್‌ನ ಕ್ಲೇಟನ್‌ನಲ್ಲಿ ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ.

ಮೇಡಂ ಧಾರವಾಡದವರು. ಆಸ್ಟ್ರೇಲಿಯಾಕ್ಕೆ ಬಂದು ಯಾವ ಕಾಲವಾಗಿದ್ದರೂ ಮರಕ್ಕೆ ಗಿಡ ಎನ್ನುವುದನ್ನು ಬಿಟ್ಟಿರಲಿಲ್ಲ. ಮಧ್ಯಾಹ್ನ ಚಪಾತಿಯ ಜೊತೆ ಶೇಂಗಾ ಚಟ್ನಿ ಇಲ್ಲದಿದ್ದರೆ ಯಾರ ಮೇಲಾದರೂ ಸಿಡುಕುತ್ತಿದ್ದರು, ಹೆಚ್ಚಾಗಿ ಮೈಸೂರಿನವನಾದ ನನ್ನ ಮೇಲೆ. ಲ್ಯಾಬಿನಲ್ಲಿ ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಒಂದೊಂದು ಮರವನ್ನೂ ಇಬ್ಬರು ಬೇರೆ ಬೇರೆ ಮಗ್ಗುಲಿನ ಕಡ್ಡಿಯಿಂದ ಎಣಿಸಬೇಕು, ಮುಗಿಯುವವರೆಗೆ ಪರಸ್ಪರ ಮಾತಾಡಬಾರದು. ಕಡುಚಳಿಯ ವರ್ಷದಲ್ಲಿ ಮರ ಕೆಲವೊಮ್ಮೆ ಒಂದು ಮಗ್ಗುಲಿಗೆ ಉಂಗುರವನ್ನೇ ಕಟ್ಟದೆ ಸುಮ್ಮನಿದ್ದುಬಿಡುತ್ತದೆ; ಆ ಮಗ್ಗುಲಷ್ಟೇ ಎಣಿಸಿದರೆ ಒಂದು ವರ್ಷ ಲೆಕ್ಕ ತಪ್ಪುತ್ತದೆ.

ಅಂಥ ಮೇಡಂ ಕೈಯಲ್ಲೇ ಎಡವಟ್ಟಾಯಿತು. ಹಳೆಯ ತಾಪಮಾನದ ಲೆಕ್ಕವನ್ನು ನಂಬಬಹುದೇ ಎಂದು ಪತ್ರಿಕೆ, ರೇಡಿಯೊಗಳಲ್ಲಿ ಜಗಳ ಕಾವೇರಿದ್ದ ಕಾಲ. ಸಿಡ್ನಿಯ ಸಾರ್ವಜನಿಕ ಚರ್ಚೆಯೊಂದಕ್ಕೆ ಅವರನ್ನು ಕರೆದಿದ್ದರು. ಇನ್ನು ಕೆಲವೇ ದಿನ ಇದೆ ಎನ್ನುವಾಗ, ಬಿದ್ದ ಮರವೊಂದರ ಜೊತೆ ತಾಳೆ ನೋಡುತ್ತಿದ್ದ ಅವರಿಗೆ, ತಾವು ಪ್ರಕಟಿಸಿದ್ದ ಲೆಕ್ಕದ ಮುಖ್ಯ ಮರದಲ್ಲಿ ಒಂದು ಉಂಗುರ ಕಡಿಮೆ ಬಂತು. ಆ ಮರದ ಒಂದು ಮಗ್ಗುಲು ಕಾಳ್ಗಿಚ್ಚಿಗೆ ಸುಟ್ಟಿದ್ದರಿಂದ ಇಬ್ಬರೂ ಒಂದೇ ಮಗ್ಗುಲಿನಿಂದ ಎಣಿಸಿದ್ದರು. ಅಲ್ಲಿಂದ ಹಿಂದಿನದೆಲ್ಲ ಒಂದು ವರ್ಷ ಜರುಗಿತ್ತು. ಆ ಲೆಕ್ಕದಿಂದ ಎಳೆದ ತಾಪಮಾನದ ಗೆರೆಯ ಏರಿಳಿತ ಹೆಚ್ಚೇನೂ ಬದಲಾಗುವಂತಿರಲಿಲ್ಲ. ಆದರೆ ತಪ್ಪು ತಪ್ಪೇ, ನಮ್ಮ ಪ್ರಾಜೆಕ್ಟ್ ಮುಂದುವರಿಯಬೇಕೋ ನಿಲ್ಲಬೇಕೋ ಎಂಬ ತೀರ್ಮಾನ ಬೇರೆ ಮರುತಿಂಗಳಿತ್ತು.

ಚರ್ಚೆಯ ದಿನ ಬೆಳಿಗ್ಗೆ ಸಿಡ್ನಿಯ ಗಿರಾವೀನ್‌ನಲ್ಲಿ, ಅವರ ತಂಗಿಯ ಮನೆಯಲ್ಲಿ, ಉಪ್ಪಿಟ್ಟಿನ ತಟ್ಟೆ ಬದಿಗೆ ಸರಿಸಿ ನಾನೇ ಮಾತು ತೆಗೆದೆ.

"ಮೇಡಂ, ಫಂಡಿಂಗ್ ಡಿಸೈಡ್ ಆಗೋವರೆಗೂ ಸುಮ್ನಿರೋಣ. ಆಮೇಲೆ ಜರ್ನಲ್‌ಗೆ ಕರೆಕ್ಷನ್ ಕಳ್ಸಿದ್ರಾಯ್ತು."

"ಕಳಿಸೇ ಬಂದೀನಿ," ಎಂದರು, ಚಹಾ ಬಗ್ಗಿಸುತ್ತ. "ನನ್ನ ಲೆಕ್ಕಾ ನಂಬ್ರಿ ಅಂತ ಹೇಳಲಿಕ್ಕೆ ಹೊಂಟೀನಿ. ಗೊತ್ತಿದ್ದದ್ದು ಮುಚ್ಚಿಟ್ಟು ಅದನ್ನ ಹೆಂಗ ಹೇಳ್ಲಿ?"

ನನಗೆ ಮೈಯೆಲ್ಲ ಉರಿಯಿತು. ಸತ್ಯಕ್ಕೆ ಒಂದು ತಿಂಗಳು ಕಾಯಲು ಏನು ಕಷ್ಟ?

ಹಾಲ್ ಕಿಕ್ಕಿರಿದಿತ್ತು. ಎದುರಾಳಿ ನಿವೃತ್ತ ಗಣಿ ಇಂಜಿನಿಯರ್, ಮಾತಿನ ಮಲ್ಲ. ಮರ ನೋಡಿ ಹವೆ ಹೇಳುವುದು ಅಂಗೈ ನೋಡಿ ಭವಿಷ್ಯ ಹೇಳಿದ ಹಾಗೆ ಎಂದು ಚಪ್ಪಾಳೆ ಗಿಟ್ಟಿಸಿ ಕೂತರು. ಮೇಡಂ ಎದ್ದು, ಪರದೆಯ ಮೇಲೆ ತಮ್ಮ ಗೆರೆ ತೋರಿಸಿ, ಇದರ ಹಳೆಯ ಭಾಗ ಒಂದು ವರ್ಷ ತಪ್ಪಿದೆ, ತಪ್ಪು ನನ್ನದು ಎಂದೇ ಮಾತು ಶುರು ಮಾಡಿದರು. ಹಿಂದಿನ ಸಾಲಿನಿಂದ ನಗು ಹಬ್ಬಿತು. ಇನ್ನೆಷ್ಟು ತಪ್ಪುಗಳಿವೆಯೋ ಎಂದು ಇಂಜಿನಿಯರ್ ಕೂತಲ್ಲಿಂದಲೇ ಕೇಳಿದರು. ಇರಬಹುದು, ಸಿಕ್ಕಿದಾಗ ಅದನ್ನೂ ಹೇಳುತ್ತೇನೆ ಎಂದರು ಮೇಡಂ. ಅವರ ಹೆಬ್ಬೆರಳು ಮೇಜಿನ ಅಂಚನ್ನು ಒಂದೇ ಸಮನೆ ಉಜ್ಜುತ್ತಿತ್ತು. ತಪ್ಪನ್ನು ಹೇಗೆ ಹಿಡಿದೆವು, ಸರಿಪಡಿಸಿದ ಗೆರೆ ಏನು ಹೇಳುತ್ತದೆ ಎಂಬುದನ್ನು ಅವರು ವಿವರಿಸುವ ಹೊತ್ತಿಗೆ ಕೇಳುವವರು ಅರ್ಧ ಹಾಲ್ ಮಾತ್ರ.

ಪತ್ರಿಕೆಯಲ್ಲಿ ತಪ್ಪಿನ ಸುದ್ದಿ ಮಾತ್ರ ಬಂತು. ಪ್ರಾಜೆಕ್ಟ್ ನಿಂತಿತು. ಮೇಡಂ ನನಗೆ ಬೇರೆ ಗೈಡ್ ಹುಡುಕಿಕೊಟ್ಟು ತಾವು ಅರೆಕಾಲಿಕ ಪಾಠಕ್ಕೆ ಇಳಿದರು. ಎಷ್ಟೋ ದಿನ ನಾನು ಅವರೊಡನೆ ಮುಖ ಕೊಟ್ಟು ಮಾತಾಡಲಿಲ್ಲ. ಅವರೇ ನನ್ನ ಮೇಜಿನ ಮೇಲೆ ಶೇಂಗಾ ಚಟ್ನಿಯ ಡಬ್ಬಿ ಇಟ್ಟು ಹೋಗುತ್ತಿದ್ದರು. ಚಟ್ನಿಯನ್ನು ಮಾತ್ರ ನಾನು ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವರು ಕಾಯಿಲೆ ಬಿದ್ದು ಆಸ್ಪತ್ರೆಯಲ್ಲಿದ್ದಾಗ ಒಳ್ಳೆಯ ಸುದ್ದಿ ಹೊತ್ತು ಓಡಿದೆ. ನಮ್ಮ ಪರಿಚಯವೇ ಇಲ್ಲದ ತಂಡವೊಂದು ಬೇರೆ ಬೆಟ್ಟದ ಮರಗಳನ್ನು ಅಳೆದಿತ್ತು. ಆ ತಂಡದ ಗೆರೆ ಮೇಡಂ ಸರಿಪಡಿಸಿದ ಗೆರೆಗೆ ಕೂಡಿಬಂದಿತ್ತು. ಮೇಡಂ ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು. ಖುಷಿಪಡುತ್ತಾರೆಂದು ಕಾದೆ.

"ಎಲ್ಲೆಲ್ಲಿ ಕೂಡಿಲ್ಲ?" ಎಂದರು.

ನಾನು ಅದನ್ನು ನೋಡಿಯೇ ಇರಲಿಲ್ಲ.

"ನೋಡ್ಕೊಂಡು ಬಾ. ಇಲ್ಲೇ ಇರ್ತೀನಿ."

ಲ್ಯಾಬಿಗೆ ಹೋಗಿ ಎರಡೂ ಗೆರೆಗಳನ್ನು ಒಂದರ ಮೇಲೊಂದಿಟ್ಟು ಹುಡುಕಿದೆ. ಒಂದು ಕಡೆ, ಕಡುಚಳಿಯ ಕೆಲವು ವರ್ಷಗಳಲ್ಲಿ, ಅವು ಬೇರೆಯಾಗಿದ್ದವು. ಅದನ್ನು ಹಾಳೆಯ ಮೇಲೆ ಗುರುತು ಮಾಡಿಕೊಂಡು ಮರುದಿನ ಹೋದಾಗ ಮಂಚ ಖಾಲಿಯಿತ್ತು. ಮೇಡಂ ಬೆಳಗಿನ ಜಾವವೇ ತೀರಿಕೊಂಡಿದ್ದರು. ಸಿಡ್ನಿಯಿಂದ ಬಂದಿದ್ದ ಅವರ ತಂಗಿ ಕಾರಿಡಾರಿನಲ್ಲಿ ಕೂತಿದ್ದರು. ಪಕ್ಕದಲ್ಲಿ ಕೂತು ಹಾಳೆ ಬಿಡಿಸಿ, ಕೂಡದ ಆ ಜಾಗವನ್ನು ಅವರಿಗೇ ತೋರಿಸಿದೆ.